ರುಬ್ಬುಗುಂಡಿಗೆ ಸಿಕ್ಕಿದ ಬೆರಳು

ಕೋಟೆ, ಶಿವಮೊಗ್ಗ
೧೪-೮-೧೯೬೧

ಮಗನೇ ಮುರುಗೇಶ,

ಭಿಲಾಯಿಯ ನೀರು ನಿನಗೆ ಒಗ್ಗಿತೇ? ಹೊಟ್ಟೆ ನೆಟ್ಟಗಿದೆಯೇ? ಉಕ್ಕಿನ ಕೆಲಸ ಕಲಿಯಲು ಹೋದವನು ಕುಲುಮೆಯ ಹತ್ತಿರ ಹುಷಾರಾಗಿರು. ನನ್ನ ಅಕ್ಷರ ಕೋಳಿ ಕೆದರಿದ ಹಾಗಿದೆ, ಹೇಗೋ ಓದಿಕೋ. ಮೊದಲು ಒಳ್ಳೆಯ ಸುದ್ದಿ: ನಿನ್ನ ಹೆಂಡತಿ ಉಮಾ ಬದುಕಿದ್ದಾಳೆ. ನಿನಗೆ ಹೆಣ್ಣು ಮಗು.

ಈಚೆಗೆ ಅವಳ ಮುಖ, ಕಾಲು ಊದಿಕೊಂಡಿದ್ದವು. ಬಸುರಿಯ ಕಳೆ ಎಂದು ಹಿಗ್ಗಿ ನಾವು ದೃಷ್ಟಿ ತೆಗೆದೆವು. ಹೋದ ಸೋಮವಾರ ನಮ್ಮ ಭದ್ರಾವತಿ ಮನೆಯಲ್ಲಿ ಅಕ್ಕಿ ಆರಿಸುತ್ತಿದ್ದವಳು, "ಅತ್ತೆ, ತಲೆ ಸಿಡೀತಿದೆ" ಎಂದವಳೇ ದಢಾರನೆ ಬಿದ್ದಳು. ಬೆನ್ನು ಬಿಲ್ಲಿನಂತೆ ಬಾಗಿತು, ಹಣೆ ನೆಲಕ್ಕೆ ಬಡಿಯಿತು, ಬಾಯಲ್ಲಿ ರಕ್ತದ ನೊರೆ. ನಾನೂ ಪಕ್ಕದ ಮನೆಯ ಚೌಡಮ್ಮನೂ ಮೈಮೇಲೆ ಬಿದ್ದು ಹಿಡಿದರೆ ಇಬ್ಬರನ್ನೂ ಎತ್ತಿ ಒಗೆದಳು. ಆ ಕೂಸಿನ ಮೈಯಲ್ಲಿ ಅಷ್ಟು ಬಲ ಎಲ್ಲಿತ್ತೋ, ಶಿವನೇ!

ನಿನ್ನ ದೊಡ್ಡಪ್ಪ ಷಡಕ್ಷರಪ್ಪನವರು ಡಾಕ್ಟರನ್ನು ಕರೆಯುವುದು ಬಿಟ್ಟು ದೆವ್ವ ಬಿಡಿಸುವವನನ್ನು ಕರೆತಂದರು. ಆ ಹಾಳಾದವನು ತುಂಬು ಬಸುರಿಯ ಜುಟ್ಟು ಹಿಡಿದೆಳೆದು ಹುಣಸೆ ಬರಲಿನಿಂದ ತೊಡೆಗೆ ಬಾರಿಸಿದ. ಇನ್ನೊಂದು ಏಟಿಗೆ ಎತ್ತಿದ ಕೈಗೆ ನಾನು ಒನಕೆಯಿಂದ ಕೊಟ್ಟೆ. ಮೂಳೆ ಲಟಕ್ಕೆಂದಿತು. ಸುಳ್ಳೇಕೆ ಹೇಳಲಿ, ನನಗೆ ಖುಷಿಯಾಯಿತು. ದೊಡ್ಡಪ್ಪ ಬಾಗಿಲಿಗೆ ಅಡ್ಡ ನಿಂತಾಗ ಒನಕೆಯನ್ನು ಅವರ ಕಡೆಗೂ ತಿರುಗಿಸಿದೆ. ಲಾರಿ ಮಂಜಪ್ಪ ಅವಳನ್ನು ಹೊತ್ತು ಲಾರಿಗೆ ಹಾಕಿಕೊಂಡು ಶಿವಮೊಗ್ಗಕ್ಕೆ ಓಡಿಸಿದ. ದಾರಿಯಲ್ಲೂ ಸೆಳೆತ ಬಂತು.

ಆಸ್ಪತ್ರೆಯಲ್ಲಿ ಸತ್ಯಭಾಮಾ ಡಾಕ್ಟರು ಅವಳನ್ನು ಕತ್ತಲೆ ಕೋಣೆಯಲ್ಲಿ ಮಲಗಿಸಿ ಸೊಂಟಕ್ಕೆ ಸೂಜಿಯ ಮೇಲೆ ಸೂಜಿ ಚುಚ್ಚಿದರು. ಸೆಳೆತ ನಿಂತ ಮೇಲೆ ಇಕ್ಕಳ ಹಾಕಿ ಮಗುವನ್ನು ಎಳೆದರು. ಮರುದಿನ ಪರದೆ ಸರಿಸಿ ಬೆಳಕು ಬಿಟ್ಟಾಗ ಉಮಾ, "ಅತ್ತೆ, ದೀಪ ಯಾಕೆ ಹಚ್ಚಿಲ್ಲ?" ಎಂದಳು. ನಾನು ಡಾಕ್ಟರ ಬಳಿಗೆ ಓಡಿದೆ. ರಕ್ತದ ಒತ್ತಡ ಮಿದುಳಿಗೆ ಏರಿದೆ, ದೃಷ್ಟಿ ಮರಳಿ ಬರುತ್ತದೆ, ತಾಳಿ ಎಂದರು ಡಾಕ್ಟರು. ಬಂತು. ನಿನ್ನೆ ಮಗುವಿನ ಮೂಗು ನೋಡಿ, "ನಿಮ್ಮ ಮಗಂದೇ, ಮೊಂಡು" ಎಂದು ನಕ್ಕಳು.

ದೊಡ್ಡಪ್ಪನ ಹಟ ಮಾತ್ರ ಇಳಿದಿಲ್ಲ. ಮೂರ್ಛೆರೋಗ ಮುಚ್ಚಿಟ್ಟು ಹೆಣ್ಣು ಕೊಟ್ಟರು, ತವರಿಗೆ ಅಟ್ಟಿ ಬೇರೆ ಮದುವೆ ಮಾಡೋಣ ಎನ್ನುತ್ತಿದ್ದಾರೆ. ಇದು ಬಸುರಿನ ನಂಜು, ಮೂರ್ಛೆರೋಗ ಅಲ್ಲವೇ ಅಲ್ಲ ಎಂದು ಡಾಕ್ಟರು ಮುಖಕ್ಕೇ ಹೇಳಿದರೂ ಕೇಳಲಿಲ್ಲ. ನಿನ್ನ ಒಪ್ಪಿಗೆ ಕೇಳಿ ಬರೆದಿದ್ದಾರಂತೆ. ನೀನು ಒಪ್ಪಿದೆಯೋ, ಅವಳ ಜೊತೆ ನಾನೂ ಗಂಟು ಕಟ್ಟಿಕೊಂಡು ಹೊರಡುತ್ತೇನೆ, ತಿಳಿದಿರಲಿ.

ಬಸವಣ್ಣ ನಿನಗೆ ಆಯಸ್ಸು ಕೊಡಲಿ. ಅದಕ್ಕಿಂತ ಮೊದಲು ಬುದ್ಧಿ ಕೊಡಲಿ.

ನಿನ್ನ ಅಮ್ಮ,
ಸುಭದ್ರಮ್ಮ

ಮರೆತಿದ್ದೆ: ಅವತ್ತು ಅವಳ ನಾಲಗೆ ತುಂಡಾಗುತ್ತದೆಂದು ಹಲ್ಲಿನ ಮಧ್ಯೆ ಬೆರಳು ತೂರಿಸಿದೆ. ನನ್ನ ಬಲಗೈ ತೋರುಬೆರಳಿನ ತುದಿ ಹೋಯಿತು. ಅತ್ತೆಯ ಬೆರಳು ತಿಂದ ದೆವ್ವ ಎಂದು ದೊಡ್ಡಪ್ಪ ನಿನಗೆ ಬರೆದೇ ಇರುತ್ತಾರೆ. ಉಮಾಗೆ ಏನೂ ನೆನಪಿಲ್ಲ. ಪಟ್ಟಿ ನೋಡಿ ಅತ್ತಳು. ರುಬ್ಬುಗುಂಡಿಗೆ ಸಿಕ್ಕಿತು ಅಂದೆ. "ಇನ್ಮೇಲೆ ನೀವು ರುಬ್ಬಬೇಡಿ ಅತ್ತೆ, ನಾನೇ ರುಬ್ತೀನಿ" ಅಂದಳು. ನೀನೂ ರುಬ್ಬುಗುಂಡು ಅಂತಲೇ ಹೇಳಬೇಕು. ಬಾಯಿ ಬಿಟ್ಟೀಯ, ಒನಕೆ ಇನ್ನೂ ಮುರಿದಿಲ್ಲ.