ಟವೆಲ್ ಹಾಕಿದ ಬೆಂಚು

ಬೇವಿನಕಟ್ಟಿ ಓಣಿ, ಗದಗ
ಶ್ರಾವಣ ಮಾಸದ ಮೂವತ್ತೊಂಬತ್ತನೆಯ ದಿನ, 2187

ಹಿಂದಿನ ಕಾಲದ ಮಾನ್ಯರೇ,

ಕಳೆದುಹೋದ ಮತ್ತು ಬರಲಿರುವ ಸಮಸ್ತ ಶತಮಾನಗಳಿಗೂ ಈ ಮೂಲಕ ಘೋಷಿಸುವುದೇನೆಂದರೆ: ನಮ್ಮ ಓಣಿಯ ಬೆಂಚಿಗೆ ಎಡಗಡೆಯೂ ಒಂದು ಕೈಹಿಡಿ ಕೂತಿತು. ಬಲಗಡೆಯದು ಹೋದ ವರ್ಷವೇ ಕೂತಿತ್ತು.

ತಿಥಿ ನೋಡಿ ಗಾಬರಿಯಾಗಬೇಡಿ. ನಮ್ಮಲ್ಲಿ ತಿಂಗಳುಗಳನ್ನು ಹಿಗ್ಗಿಸಿ ಬಹಳ ಕಾಲವಾಯಿತು. ನನ್ನ ಮಾತಿನಲ್ಲಿ ನಿಮಗೆ ತಿಳಿಯದ ಪದಗಳು ಬಂದರೆ ಕ್ಷಮಿಸಿ. ನಿಮ್ಮ ಕಾಗದಗಳನ್ನು ಓದುವಾಗ ನಮಗೂ ಹಾಗೇ ಆಗುತ್ತದೆ. ‘ಪುರಸೊತ್ತಿಲ್ಲ’ ಎಂಬ ಪದ ಅಷ್ಟು ಸಲ ಏಕೆ ಬರುತ್ತದೆಂದು ಇಲ್ಲಿನ ಪಂಡಿತರು ಇನ್ನೂ ತಲೆ ಕೆರೆದುಕೊಳ್ಳುತ್ತಿದ್ದಾರೆ.

ಒಂದು ಬೆಂಚಿಗೆ ಇಷ್ಟೆಲ್ಲ ಡಂಗುರವೇ ಎನ್ನಬೇಡಿ. ನಮ್ಮ ಊರನ್ನು ಈಗ ಆಳುವುದು ಹರಿವು ಮಂಡಳಿ. ಹರಿವು ಎಂದರೆ ನೀರಿನದಲ್ಲ, ಜನರದು. ಬೀದಿಗೆ ಬಂದವರು ನಿಲ್ಲಬಾರದು, ಕೂರಲಂತೂ ಕೂಡದು, ಹರಿಯುತ್ತಲೇ ಇರಬೇಕು. ದೊಡ್ಡ ರಸ್ತೆಗಳು ತಾವೇ ಜಾರುತ್ತವೆ. ಹತ್ತಲು ಎಗರಬೇಕು, ಇಳಿಯಲು ಹಾರಬೇಕು. ಮುದುಕರಿಗೆಂದು ಮಂಡಳಿ ದಯಪಾಲಿಸಿರುವುದು ಒರಗುಗಂಬ, ಅಂದರೆ ಬೆನ್ನು ಆನಿಸಿಕೊಳ್ಳಲು ನೆಟ್ಟ ಒಂದು ನುಣ್ಣನೆಯ ಓರೆ ಕೊಳವೆ. ಅದಕ್ಕೆ ಒರಗಿದವರು ಮೆಲ್ಲಗೆ ಜಾರಿ ನೆಲ ಸೇರುತ್ತಾರೆ. ಮಂಡಳಿಯ ವರದಿಯಲ್ಲಿ ಇದಕ್ಕೆ ‘ತೃಪ್ತಿಕರ ಹರಿವು’ ಎಂದಿದೆ.

ನಮ್ಮ ನೀಲಗಂಗವ್ವನಿಗೆ ತೊಂಬತ್ತೊಂದು. ಅವರ ಮನೆಯಿಂದ ಕಾಯಿಪಲ್ಲೆ ಸಂತೆಗೆ ಆರುನೂರು ಹೆಜ್ಜೆ. ಮೊಣಕಾಲು ಒಪ್ಪಿಕೊಂಡಿರುವುದು ಮುನ್ನೂರಕ್ಕೆ ಮಾತ್ರ. ಸರಿಯಾಗಿ ಆ ಮುನ್ನೂರನೆಯ ಹೆಜ್ಜೆಯಲ್ಲಿ, ಬೇವಿನ ಮರದ ಕೆಳಗೆ, ನಮ್ಮ ಬೆಂಚು. ಓಣಿಯವರೇ ಹೊತ್ತು ತಂದ ಹಳೆಯ ಬಾಗಿಲನ್ನು ಕೊಯ್ದು ಬಡಗಿ ದಸ್ತಗೀರಸಾಬರು ಮಾಡಿದ್ದು. ಎತ್ತರ ಗೊತ್ತುಮಾಡಲು ಅವರು ಈ ಅಜ್ಜಿಯನ್ನು ಹನ್ನೊಂದು ಸಲ ಕೂರಿಸಿ ಎಬ್ಬಿಸಿದರು. “ಏ ದಸ್ತಗೀರಾ, ಕನ್ಯಾ ನೋಡಾಕ ಬಂದೀಯೇನೋ? ಎಷ್ಟ ಸಲ ಕುಂದರಸ್ತಿ, ಎಷ್ಟ ಸಲ ಎಬ್ಬಸ್ತಿ!” ಎಂದು ಆಕೆ ಬೈದರೂ ಹನ್ನೆರಡನೆಯ ಸಲ ಯಾರ ಕೈಯೂ ಹಿಡಿಯದೆ ಎದ್ದರು. ಅದೇ ಎತ್ತರ ಕಾಯಂ ಆಯಿತು. ಬೆಂಚಿದ್ದರೆ ಆಕೆಗೆ ಸಂತೆಯುಂಟು, ಬದನೆಕಾಯಿಯ ಹುಳುಕಿನ ಬಗ್ಗೆ ಜಗಳವುಂಟು, ಊರ ಸುದ್ದಿಯುಂಟು. ಬೆಂಚು ಹೋದರೆ ಉಳಿಯುವುದು ನಾಲ್ಕು ಗೋಡೆ.

ಹಗಲಿನಲ್ಲಿ ಒಂದು ತಾಸು ಖಾಲಿ ಬಿದ್ದ ಆಸನವನ್ನು ಕಿತ್ತೊಯ್ಯತಕ್ಕದ್ದು ಎಂದು ಮಂಡಳಿ ಆಜ್ಞೆ ಹೊರಡಿಸಿತು. ನಾವು ಪಾಳಿ ಹಚ್ಚಿ ಕೂತೆವು. ಲೋಕದಲ್ಲಿ ಎದ್ದು ಹೋರಾಡಿದವರು ಬಹಳ. ಕೂತು ಹೋರಾಡಿದವರು ನಾವು. ಬಾವುಟವಿರಲಿಲ್ಲ, ಹುರಿಗಡಲೆ ಇತ್ತು. ನಲವತ್ತು ದಿನ ಬೆಂಚು ತಣ್ಣಗಾಗಲಿಲ್ಲ.

ನಲವತ್ತೊಂದನೆಯ ದಿನ ಓಣಿಯಲ್ಲೊಂದು ಮದುವೆ. ಪಾಳಿ ನನ್ನದು. ಊಟಕ್ಕೆ ಹೋಳಿಗೆ ಎಂಬ ಸುದ್ದಿ ಬಂತು. ಮುಂದಿನದನ್ನು ಇತಿಹಾಸ ಹೇಗೆ ಬರೆಯುವುದೋ ತಿಳಿಯದು. ನಾನು ಮಾಡಿದ್ದಿಷ್ಟೇ, ಹೆಗಲ ಮೇಲಿನ ಟವೆಲ್ಲನ್ನು ಬೆಂಚಿನ ಮೇಲೆ ಹಾಕಿ ಹೋದೆ. ಜಾಗ ಹಿಡಿದಾಯಿತಲ್ಲ, ಇನ್ನೇನು?

ಅಷ್ಟರಲ್ಲಿ ಮಂಡಳಿಯ ನಿರೀಕ್ಷಕ ಫಕ್ಕೀರಪ್ಪನವರು ಬೆಂಚು ಕೀಳುವ ಯಂತ್ರದೊಡನೆ ಬಂದರು. ನಿವೃತ್ತಿಗೆ ಎರಡು ವರ್ಷ ಉಳಿದಿರುವ, ಸ್ವಂತ ಮೊಣಕಾಲು ನೋವಿನ ಮನುಷ್ಯ. ನಾವು ಎಲೆ ಅಡಿಕೆ ಹಾಕಿಕೊಂಡು ಹಿಂದಿರುಗಿದಾಗ ಅವರು ಬೆಂಚಿನ ಪಕ್ಕ ಕಾಲು ಬದಲಿಸುತ್ತ ನಿಂತಿದ್ದರು.

“ಯಾರದ್ರೀ ಈ ಟವೆಲ್? ಒಂದೂವರಿ ತಾಸಾತು ನಿಂತೀನಿ!”

“ಕುಂಡ್ರಬೇಕಿತ್ತಲ್ಲೋ ತಮ್ಮಾ,” ಎಂದರು ನೀಲಗಂಗವ್ವ.

“ಟವೆಲ್ ಹಾಕಿದ್ದ ಜಾಗಾದಾಗ ಹ್ಯಾಂಗ ಕುಂಡ್ರೂದಬೇ ಯವ್ವಾ?”

ಅವರು ಅಂದೇ ಬರೆದುಕೊಟ್ಟ ವರದಿ: ‘ಆಸನ ಭರ್ತಿ.’ ಆ ಸಂಜೆಯೇ ಎಡಗಡೆಯ ಕೈಹಿಡಿಯೂ ಕೂತಿತು. ಅದನ್ನು ಹಿಡಿದು ಮೊದಲು ಕೂತವರು ಫಕ್ಕೀರಪ್ಪನವರೇ.

ಮಂಡಳಿ ಕೆಂಡವಾಯಿತು. ಟವೆಲ್ ಎಂದಿನಿಂದ ಮನುಷ್ಯನಾಯಿತು ಎಂದು ವಿಚಾರಣೆ ಕರೆಯಿತು. ನೀಲಗಂಗವ್ವನನ್ನು ನಾವು ಕುರ್ಚಿ ಸಮೇತ ಹೊತ್ತೊಯ್ದೆವು, ಏಕೆಂದರೆ ಮಂಡಳಿಯ ಕಚೇರಿಯಲ್ಲಿ ಕುರ್ಚಿಗಳಿಲ್ಲ. ಆಕೆ ಅಧ್ಯಕ್ಷರನ್ನು ನೋಡಿ ಹೇಳಿದ್ದಿಷ್ಟು: “ನಿಮ್ಮ ಮುತ್ತಜ್ಜನ ಮುತ್ತಜ್ಜ ಬಸ್ಸಿನ ಕಿಡಕ್ಯಾಗ ಟವೆಲ್ ಒಗೀಲಿಲ್ಲಂದ್ರ ಆತನ ಹೇಣ್ತಿ ತವರಿಗೆ ನಿಂತ ಹೋಗತಿದ್ಳು. ಆ ಟವೆಲ್ ತಗೀಬೇಕಂದ್ರ ಮೊದಲ ನನ್ನ ತಗೀರಿ.”

ಅಧ್ಯಕ್ಷರು ಕೆಮ್ಮಿದರು. ಇದು ನಿಜವಾಗಿಯೂ ಹಿಂದಿನಿಂದ ಬಂದ ಪದ್ಧತಿಯೇ ಆಗಿದ್ದರೆ ಹೀಗೆ ಟವೆಲ್ ಹಾಕಿ ಜಾಗ ಹಿಡಿದ, ನೂರೈವತ್ತು ವರ್ಷಕ್ಕಿಂತ ಹಳೆಯ ಚಿತ್ರವೊಂದನ್ನು ತಿಂಗಳೊಳಗೆ ತೋರಿಸಿ, ಇಲ್ಲವೇ ಬೆಂಚು ಬಿಡಿ ಎಂದರು. ನಮ್ಮ ತಿಂಗಳು ಎಷ್ಟೇ ಹಿಗ್ಗಲಿ, ಅದಕ್ಕೂ ಕೊನೆಯೆಂಬುದಿದೆ. ಚಿತ್ರ ಸಿಗಲಿ ಬಿಡಲಿ, ನಾವು ಏಳುವವರಲ್ಲ. ಅವರ ಯಂತ್ರ ಬೆಂಚನ್ನು ಕಿತ್ತರೆ ನಮ್ಮನ್ನೂ ಸೇರಿಸಿಯೇ ಕೀಳಬೇಕಾಗುತ್ತದೆ, ಮತ್ತು ನಮ್ಮಲ್ಲಿ ಕೆಲವರು ಬಹಳ ಭಾರ. ಆದರೂ ಚಿತ್ರವಿದ್ದರೆ ನೀಲಗಂಗವ್ವ ನಿಶ್ಚಿಂತೆಯಿಂದ ಬದನೆಕಾಯಿ ಆರಿಸಬಹುದು.

ಆದಕಾರಣ ತಮ್ಮಲ್ಲೊಂದು ಸಣ್ಣ ಬೇಡಿಕೆ. ನಾಳೆ ಬೆಳಿಗ್ಗೆ ನಿಮ್ಮ ಬೀದಿಯ ಬೆಂಚಿನ ಮೇಲೆ ಒಂದು ಟವೆಲ್ ಹಾಕಿ. ಬೆಂಚೇ ಇಲ್ಲದಿದ್ದರೆ ನಾಲ್ಕು ಮನೆಯವರು ಸೇರಿ ಒಂದು ಮಾಡಿಸಿ. ಎತ್ತರಕ್ಕೆ ಓಣಿಯ ಅತಿ ಹಿರಿಯ ಮೊಣಕಾಲನ್ನು ಕೇಳಿ. ಒಂದು ಫೋಟೊ ತೆಗೆದು, ಹಿಂದೆ ತಾರೀಖು ಬರೆದು, ಗೆದ್ದಲು ಹತ್ತದ ಟ್ರಂಕಿನಲ್ಲಿಡಿ. ಟವೆಲ್ ಹೊಸದೇ ಆಗಬೇಕೆಂದಿಲ್ಲ, ಒಗೆದದ್ದಾಗಿದ್ದರೆ ಸಾಕು.