ದಿಬ್ಬದ ಮೇಲಿನ ಮೆಕ್ಕೆಜೋಳ

ಕೊಲ್ಲಿಯ ದಡದ ಹೊಸ ಊರು,
ನ್ಯೂ ಇಂಗ್ಲೆಂಡ್,
ನವೆಂಬರ್ 9, 1624

ಪ್ರೀತಿಯ ಅಕ್ಕ ಅರ್ಸುಲಾಳಿಗೆ,

ನಿನ್ನ ಕಾಗದ ಕೈಸೇರಿತು. ಅದನ್ನು ತಂದದ್ದು, ನಮ್ಮನ್ನು ಇಲ್ಲಿ ಇಳಿಸಿ ಹೋದ ಮೇಲೆ ಬಂದ ಮೊದಲ ಹಡಗು. ನಿನ್ನ ಜೊತೆ ಕಳಿಸಿದ ನನ್ನ ಮಗಳು ಡಾರ್ಕಸ್‌ಗೆ ಕೆಂಪು ಉಣ್ಣೆಯ ಲಂಗ ಹೊಲಿಯುತ್ತಿದ್ದೇನೆ, ಎಷ್ಟುದ್ದ ಬೆಳೆದಿದ್ದಾಳೆ ತಿಳಿಸು, ವಸಂತದಲ್ಲಿ ಚಿಕ್ಕವರನ್ನೂ ಕಟ್ಟಿಕೊಂಡು ನಾನೇ ಬರುತ್ತೇನೆ ಎಂದು ಬರೆದಿದ್ದೀಯ.

ಅಕ್ಕ, ಲಂಗ ಹೊಲಿಯಬೇಡ. ಡಾರ್ಕಸ್ ಇಲ್ಲ. ಕಳೆದ ಫೆಬ್ರವರಿಯಲ್ಲಿ ನನ್ನ ತೊಡೆಯ ಮೇಲೇ ತೀರಿಕೊಂಡಳು.

ಇದನ್ನು ಸುತ್ತಿ ಬಳಸಿ ಹೇಳಬೇಕೆಂದಿದ್ದೆ. ಆಗಲಿಲ್ಲ.

ನನ್ನ ಗಂಡ ಆಂಬ್ರೋಸ್ ಕಡಲಿನಲ್ಲೇ ಹೋದ. ಆಮೇಲೆ ಅವಳಿಗೆ ನಾನು, ನನಗೆ ಅವಳು. ಇಲ್ಲಿ ಇಳಿದಾಗ ಮರ ಕಡಿದು ಹಸನು ಮಾಡಿದ್ದ ನೆಲ ಸಿಕ್ಕಿತು. ದೇವರೇ ನಮಗಾಗಿ ಹದಮಾಡಿ ಇಟ್ಟಿದ್ದಾನೆ ಎಂದು ನಮ್ಮ ಗುಂಪಿನ ಯಜಮಾನ ಲಾರೆನ್ಸ್ ಪೆಂಬಲ್ ಮಂಡಿಯೂರಿ ಪ್ರಾರ್ಥಿಸಿದರು. ಮನೆಗಳಿಗೆ ಸೂರು ಹಾಕುವ ಮೊದಲೇ ಹಿಮ ಬಿತ್ತು. ಒಸಡಿನಲ್ಲಿ ರಕ್ತ, ಕಾಲಲ್ಲಿ ಬಾವು, ಆಮೇಲೆ ಜ್ವರ. ಮನೆಮನೆಯಲ್ಲೂ ಅದೇ.

ನಿನ್ನ ಮಗಳು ಕೊನೆಯ ತನಕ ನಗಿಸಿದಳು. ಹುಳ ಹಿಡಿದ ಬಿಸ್ಕತ್ತನ್ನು ಹಲಗೆಗೆ ಬಡಿದು, "ಎದ್ದೇಳ್ರಪ್ಪಾ, ಮನೆ ಖಾಲಿ ಮಾಡಿ, ನಮ್ಗೆ ಊಟದ ಹೊತ್ತಾಯ್ತು" ಅನ್ನುತ್ತಿದ್ದಳು. ಹಲ್ಲು ಅಲುಗಾಡತೊಡಗಿದ ಮೇಲೆ ಬಿಸ್ಕತ್ತನ್ನೂ ಕಡಿಯಲಾಗಲಿಲ್ಲ. "ಚಿಕ್ಕಮ್ಮ, ಅಮ್ಮ ಬಂದ್ರೆ ಗುರ್ತು ಹಿಡೀತಾಳಾ ನನ್ನ?" ಎಂದು ಕೇಳಿದಳು. "ನಿನ್ನ ಮಾತು ಕೇಳಿದ್ರೆ ಸಾಕು ಕಣೇ, ಗೊತ್ತಾಗತ್ತೆ" ಅಂದೆ. ನಕ್ಕಳು.

ದಿಬ್ಬದ ಮೇಲೆ ಹೂತೆವು. ಗುರುತಿಗೆ ಒಂದು ಕಲ್ಲು ಹೊತ್ತು ತಂದೆ. ಪೆಂಬಲ್ ಅಡ್ಡ ಬಂದರು.

"ಬೇಡ ತಾಮಸಿನ್. ಕಾಡಿನವರು ನೋಡ್ತಾ ಇರ್ತಾರೆ. ಕಲ್ಲು ಎಣಿಸಿದ್ರೆ ನಾವು ಎಷ್ಟು ಜನ ಉಳಿದಿದ್ದೀವಿ ಅಂತ ತಿಳ್ಕೊಂಡುಬಿಡ್ತಾರೆ."

"ಹಾಗಾದ್ರೆ ಅವಳಮ್ಮ ಬಂದು ಕೇಳಿದ್ರೆ ಏನು ತೋರಿಸ್ಲಿ? ನಿಮ್ಮ ಮುಖಾನಾ?"

ಅವರು ಕಲ್ಲನ್ನು ತೆಗೆದುಕೊಂಡು ಹೋದರು. ಏಪ್ರಿಲ್‌ನಲ್ಲಿ ದಿಬ್ಬವನ್ನೆಲ್ಲ ಮಟ್ಟಮಾಡಿ ಮೆಕ್ಕೆಜೋಳ ಬಿತ್ತಿಸಿದರು. ಬಿತ್ತಿದವರಲ್ಲಿ ನಾನೂ ಒಬ್ಬಳು, ಅಕ್ಕ. ಕಾಳು ಹಾಕುತ್ತಾ ಅವಳಿದ್ದ ಕಡೆ ಬಂದಾಗ ಕೈ ಏಳಲಿಲ್ಲ. ಪಕ್ಕದವಳು ನನ್ನ ಪಾಲನ್ನೂ ಬಿತ್ತಿದಳು.

ಪೈರು ಸೊಂಟದ ಮಟ್ಟ ಬಂದಾಗ ಕಾಡಿನ ಕಡೆಯಿಂದ ಕೆಲವರು ಮೀನು ಕೊಡಲು ಬಂದರು. ಅವರಲ್ಲೊಬ್ಬ ಹೆಂಗಸು ದಿಬ್ಬದ ಅಂಚಿನಲ್ಲಿ ಬುಟ್ಟಿ ಇಳಿಸಿ ನಿಂತುಬಿಟ್ಟಳು. ಹೊಲದೊಳಗೆ ಕಾಲಿಡಲಿಲ್ಲ. ನನ್ನನ್ನು ನೋಡಿ ಪೈರಿನತ್ತ ಕೈ ತೋರಿಸಿ, ಅಂಗೈ ಮೇಲೆ ಕೆನ್ನೆಯಿಟ್ಟು ಕಣ್ಣು ಮುಚ್ಚಿದಳು. ಅವರಿಗೆ ಎಲ್ಲ ಗೊತ್ತಿತ್ತು.

ಆಮೇಲೆ ಅವಳು ತನ್ನ ಎದೆ ಮುಟ್ಟಿಕೊಂಡು, ಮಂಡಿಯ ಎತ್ತರಕ್ಕೆ ಕೈ ಹಿಡಿದಳು. ಇನ್ನೂ ಸ್ವಲ್ಪ ಮೇಲೆ ಮತ್ತೊಮ್ಮೆ. ಅವರ ಮಾತು ಅಷ್ಟಿಷ್ಟು ಕಲಿತ ನಮ್ಮವನೊಬ್ಬ ಬಿಡಿಸಿ ಹೇಳಿದ: ನಾವು ಬರುವ ಮೊದಲು ಅಲ್ಲಿದ್ದುದು ಅವಳ ಊರೇ. ಯಾವುದೋ ರೋಗ ಬಂದು ಊರಿಗೆ ಊರೇ ಬರಿದಾಯಿತು. ಹಸನಾದ ನೆಲ ಸಿಕ್ಕಿತೆಂದು ನಾವು ಹಿಗ್ಗಿದ್ದು ಅದಕ್ಕೆ. ಅವಳ ಮಕ್ಕಳ ಮೇಲೆಯೇ ನಮ್ಮ ಮಗುವನ್ನು ಮಲಗಿಸಿದ್ದೇವೆ.

ಅವಳು ನನ್ನನ್ನೇ ನೋಡುತ್ತಿದ್ದಳು, ನಿನ್ನದು ಎಷ್ಟೆತ್ತರ ಎನ್ನುವ ಹಾಗೆ. ನಾನು ಕೈಯೆತ್ತಿ ನನ್ನ ಭುಜಕ್ಕೆ ಹಿಡಿದೆ. ನೀನೂ ಅದನ್ನೇ ಕೇಳಿದ್ದೀಯ, ಅಕ್ಕ. ನನ್ನ ಭುಜದ ತನಕ ಬೆಳೆದಿದ್ದಳು.

ಆ ಹೆಂಗಸು ನನ್ನ ಕೈ ಹಿಡಿದುಕೊಂಡಳು. ಇಬ್ಬರೂ ಅಲ್ಲೇ ಕೂತು ಅತ್ತೆವು.

ನಿನ್ನನ್ನು ಬಾ ಎನ್ನಲಾರೆ, ಬರಬೇಡ ಎನ್ನಲೂ ಬಾಯಿಲ್ಲ. ಹಡಗಿನ ಕಪ್ತಾನ ನನ್ನನ್ನು ಊರಿಗೆ ಕರೆದೊಯ್ಯುತ್ತೇನೆ ಅಂದ. ನಾನು ಹೊರಡುತ್ತಿಲ್ಲ. ನೀನು ಬಂದರೆ ಜಾಗ ತೋರಿಸಲು ಒಬ್ಬರಾದರೂ ಇರಬೇಕು. ನನ್ನನ್ನು ಬೈಯಬೇಕೆನಿಸಿದರೆ ಬೈದು ಬರೆ. ಬರೆಯದೆ ಮಾತ್ರ ಇರಬೇಡ.

ನಿನ್ನ ತಂಗಿ,
ತಾಮಸಿನ್

ಮತ್ತೆ: ಇದನ್ನು ಮೇಲೆ ಬರೆಯಲು ನಾಚಿಕೆಯಾಯಿತು. ಪೆಂಬಲ್ ನನ್ನನ್ನು ಮದುವೆಗೆ ಕೇಳಿದ್ದಾರೆ. ಒಪ್ಪಿದ್ದೇನೆ. ಅವರ ಹೆಂಡತಿ ಆಲಿಸ್ ಕೂಡ ಆ ದಿಬ್ಬದಲ್ಲೇ ಇದ್ದಾಳೆ. ಅವಳನ್ನು ಒಬ್ಬರೇ ಹೊತ್ತೊಯ್ದು ಹೂತು, ಅವಳ ಮೇಲಿನ ಸಾಲಿಗೂ ತಾವೇ ಕಾಳು ಹಾಕಿದರಂತೆ. ನನಗೆ ಈಗ ತಿಳಿಯಿತು. "ಬರೋ ವರ್ಷ ದಿಬ್ಬದ ಮೇಲೆ ಬಿತ್ತಬೇಡಿ, ನಂಗೆ ಬೇರೇನೂ ಬೇಡ" ಅಂದೆ. ಅವರು ಎದ್ದು ಹೋದರು. ಇವತ್ತು ಬೆಳಿಗ್ಗೆಯಿಂದ ತೊರೆಯ ಆಚೆ, ಗುದ್ದಲಿ ಹಿಡಿದು, ಹೊಸ ಹೊಲಕ್ಕೆಂದು ಕಾಡಿನ ಬೇರು ಕೀಳುತ್ತಿದ್ದಾರೆ.