ಸೂರಿಗೆ ಕಟ್ಟಿದ ಅಂಗಿ

ಓಲ್ಶಿನಾ, ಸೆಪ್ಟೆಂಬರ್ ೪

ಮಾನ್ಯ ಹವೆಲ್ಕಾ ಅವರೇ,

ನೀವು ನಮ್ಮ ಐಸ್ ಹಾಕಿ ಕ್ಲಬ್ಬನ್ನು ಕೊಂಡು ನಿಮ್ಮ ನಗರಕ್ಕೆ ಒಯ್ದಾಗ ಅದರ ಚರಿತ್ರೆಯೂ ಒಪ್ಪಂದದಲ್ಲಿ ಸೇರಿತ್ತಂತೆ. ಹೆಪ್ಪುಗಟ್ಟಿದ ಕೆರೆಯ ಮೇಲೆ ಗಾಜಿನ ಕಾರ್ಖಾನೆಯ ಕಾರ್ಮಿಕರು ಆಡಿ ಕಟ್ಟಿದ ಕ್ಲಬ್ಬು ಅದು. ಪ್ರಾಗಿನ ರೈಲು ನಿಲ್ಲದ ಈ ಊರಿಗೆ ಅದೊಂದೇ ಹೆಸರು ತಂದಿತ್ತು. ಇರಲಿ, ಗೆದ್ದ ಕಪ್‌ಗಳನ್ನು ಇಟ್ಟುಕೊಳ್ಳಿ. ಆದರೆ ನನ್ನ ಗಂಡ ಓತಾ ಅವರ ಒಂಬತ್ತನೇ ನಂಬರಿನ ಅಂಗಿಯನ್ನು ನಿಮ್ಮ ಹೊಸ ಕ್ರೀಡಾಂಗಣದ ಸೂರಿಗೆ ಕಟ್ಟುತ್ತೇವೆಂದು ಬರೆದಿದ್ದೀರಿ. ದಯವಿಟ್ಟು ಬೇಡ.

ಅವರು ಆಟ ಬಿಟ್ಟ ಮೇಲೆ ಕ್ಲಬ್ಬಿನವರು ಗೌರವಕ್ಕೆಂದು ಆ ನಂಬರನ್ನು ಇನ್ಯಾರಿಗೂ ಕೊಡದೆ ಅಂಗಿಯನ್ನು ಇಲ್ಲಿನ ಕ್ರೀಡಾಂಗಣದ ಸೂರಿಗೆ ಕಟ್ಟಿದ್ದರು. ತಂಡ ಸೋತಾಗಲೆಲ್ಲ ಜನ ಕತ್ತೆತ್ತಿ ಅದಕ್ಕೇ ಬೈಯುತ್ತಿದ್ದರು: "ಏ ಓತಾ, ಅಲ್ಲೇನು ಜೋತಾಡ್ತಿದೀಯೋ, ಇಳಿದು ಬಾರೋ! ಈ ಕತ್ತೆಗಳ ಕೈಲಿ ಏನೂ ಆಗಲ್ಲ!" ಅವರು ತೀರಿಕೊಂಡ ವಾರವೂ ಬೈದರು. ನಾನೂ ಜೊತೆಗೆ ಕೂಗಿದೆ.

ನಿಮ್ಮೂರಿನವರು ಮರ್ಯಾದಸ್ಥರು, ಎದ್ದು ನಿಂತು ಚಪ್ಪಾಳೆ ತಟ್ಟಿಯಾರು. ಆದರೆ "ಬಾರೋ" ಅನ್ನುವವರು ಅಲ್ಲಿ ಒಬ್ಬರೂ ಇಲ್ಲ.

ಅಂಗಿಯನ್ನು ಮನೆಗೆ ಕಳಿಸಿಕೊಡಿ. ತೊಳೆಸಬೇಡಿ, ಬಿಯರು, ಸಾಸೇಜಿನ ವಾಸನೆ ಹಾಗೇ ಇರಲಿ. ಅಡುಗೆಮನೆಯಲ್ಲಿ ಮೊಳೆ ಹೊಡೆದಿಟ್ಟಿದ್ದೇನೆ. ಬೈಯುವುದಕ್ಕೆ ನಾನೊಬ್ಬಳಾದರೂ ಇದ್ದೇನೆ.

ಇತಿ,
ವ್ಲಸ್ತಾ ಹ್ರುಶ್ಕೊವಾ